ಅಕಾರ್ಡಿಯನ್‌ನಲ್ಲಿ ಬೆಲ್ಲೋಸ್ ಶೇಕ್: ಮೊದಲ ಎಳೆತದಿಂದ ಬಯಾಂವ್ ತಾಳದವರೆಗೆ

ಹಾರ್ಮೋನಿಯಂ ನುಡಿಸಿ ಬಂದವರಿಗೆ ಅಕಾರ್ಡಿಯನ್‌ನ ಕೀಲಿಗಳು ಹೊಸತಲ್ಲ. ಕಾಡುವುದು ತಿದಿ, ಅಂದರೆ ಬೆಲ್ಲೋಸ್. ಹಾರ್ಮೋನಿಯಂನಲ್ಲಿ ಹೊರಗಿನ ತಿದಿ ಒತ್ತಿದರೆ ಗಾಳಿ ಮೊದಲು ಒಳಗಿನ ಇನ್ನೊಂದು ತಿದಿಯಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಸ್ಪ್ರಿಂಗಿನ ಒತ್ತಡದಲ್ಲಿ ಒಂದೇ ಸಮನೆ ರೀಡಿಗೆ, ಅಂದರೆ ಕಂಪಿಸಿ ಸ್ವರ ಹುಟ್ಟಿಸುವ ಲೋಹದ ನಾಲಿಗೆಗೆ, ಹೋಗುತ್ತದೆ. ಕೈ ಸ್ವಲ್ಪ ತಡವರಿಸಿದರೂ ಸ್ವರಕ್ಕೆ ಗೊತ್ತಾಗುವುದಿಲ್ಲ. ಅಕಾರ್ಡಿಯನ್‌ನಲ್ಲಿ ಈ ಒಳತಿದಿಯ ಏರ್ಪಾಡೇ ಇಲ್ಲ. ಎಡಗೈ ಮಾಡಿದ್ದೆಲ್ಲ ಹಾಗ್ಹಾಗೇ ಹೊರಗೆ ಕೇಳಿಸುತ್ತದೆ. ಕೈ ನಡುಗಿದರೆ ಸ್ವರವೂ ನಡುಗುತ್ತದೆ.

ಆ ನಡುಕವನ್ನೇ ಬೇಕೆಂದು ಮಾಡಿ, ತಾಳಕ್ಕೆ ಕಟ್ಟಿಹಾಕಿದರೆ ಅದೇ ಬೆಲ್ಲೋಸ್ ಶೇಕ್. ಬಲಗೈ ಬೆರಳುಗಳು ಕೀಲಿ ಒತ್ತಿ ಹಿಡಿದೇ ಇರುತ್ತವೆ. ಎಡಗೈ ತಿದಿಯನ್ನು ಎಳೆದು, ತಳ್ಳಿ, ಎಳೆದು, ತಳ್ಳಿ ಮಾಡುತ್ತದೆ. ಪ್ರತಿ ಸಲ ದಿಕ್ಕು ಬದಲಾದಾಗಲೂ ಸ್ವರ ಹೊಸದಾಗಿ ಹುಟ್ಟುತ್ತದೆ. ಮೂರು ಸ್ವರಗಳ ಕಾರ್ಡ್ ಒಂದನ್ನು ಸೆಕೆಂಡಿಗೆ ಎಂಟು ಸಲ ಬೆರಳಲ್ಲಿ ಹೊಡೆಯಿರಿ ನೋಡೋಣ. ಆಗುವುದಿಲ್ಲ ಅಲ್ವಾ? ತಿದಿಯಲ್ಲಿ ಆಗುತ್ತದೆ.

ಹಿಂದಿ ಸಿನಿಮಾ ಹಾಡುಗಳ ಅಕಾರ್ಡಿಯನ್, ಅಂದರೆ ಗೂಡಿ ಸೀರ್ವಾಯ್, ಎನೋಚ್ ಡೇನಿಯಲ್ಸ್ ಅವರಂಥವರು ನುಡಿಸಿದ್ದು, ನಮ್ಮ ಕಿವಿಯಲ್ಲಿ ಉಳಿದಿರುವುದು ಉದ್ದನೆಯ, ತುಂಬಿದ ಎಳೆತವಾಗಿ. ಹಾಗಾಗಿ ಇಲ್ಲಿ ಕಲಿಯುವವರಿಗೆ ಶೇಕ್ ಅಂದರೆ ಕೊನೆಯಲ್ಲಿ ಚಪ್ಪಾಳೆಗೆ ಹಾಕುವ ಗಿಮಿಕ್ ಅನ್ನಿಸಿಬಿಡುತ್ತದೆ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಹಾಗಲ್ಲ. ಅಲ್ಲಿ ಅದು ನಡಿಗೆಯ ಭಾಗ. ಬಯಾನ್ ಎಂಬ ರಷ್ಯಾದ ಗುಂಡಿ ಅಕಾರ್ಡಿಯನ್ ನುಡಿಸುವವರಿಗೆ ಅದು ದಿನದ ಸಾಧನೆ. ಇಟಲಿಯ ಸಂಗೀತಕಾರ ವಿವಾಲ್ಡಿಯ ವಯಲಿನ್ ಸಂಗೀತವನ್ನು ಅಕಾರ್ಡಿಯನ್‌ಗೆ ತಂದವರು, ಕಮಾನು ಒಂದೇ ಸ್ವರವನ್ನು ಪಟಪಟ ಉಜ್ಜುವ ಕಡೆಗಳಲ್ಲಿ ತಿದಿಯನ್ನೇ ಕಮಾನಿನಂತೆ ಬಳಸುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ತೋಳಿನ ಬಲದ ಆಟ ಅಲ್ಲ. ಎಳೆತ ಮತ್ತು ತಳ್ಳು ಎರಡೂ ಒಂದೇ ಅಳತೆಯಲ್ಲಿರಬೇಕು, ಮತ್ತು ಆ ಅಳತೆ ಚಿಕ್ಕದಾಗಿರಬೇಕು. ಮುಂದೆ ಬರುವ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕೇ.

ವಾದ್ಯ ಗಟ್ಟಿಯಾಗಿದೆಯಾ ನೋಡಿ

ತಿದಿಯಲ್ಲಿ ಗಾಳಿ ಸೋರುತ್ತಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಸುಮ್ನೆ ಕೈ ನೋವು. ಪರೀಕ್ಷೆ ಸುಲಭ. ತಿದಿಯ ಮೇಲಿನ ಕೆಳಗಿನ ಪಟ್ಟಿ ಬಿಚ್ಚಿ, ಕೀಲಿಮಣೆಯ ಕಡೆಯ ಪೆಟ್ಟಿಗೆಯನ್ನು ಮೇಲಕ್ಕೆತ್ತಿ ಹಿಡಿಯಿರಿ. ಬೇಸ್ ಕಡೆಯದು, ಅಂದರೆ ಎಡಗೈ ಗುಂಡಿಗಳಿರುವ ಪೆಟ್ಟಿಗೆ, ಕೆಳಗೆ ತೂಗಲಿ. ಕೆಳಗೆ ಹಾಸಿಗೆಯೋ ಸೋಫಾವೋ ಇದ್ದರೆ ಒಳ್ಳೆಯದು. ಯಾವ ಕೀಲಿಯನ್ನೂ ಒತ್ತಬೇಡಿ. ತಿದಿ ತನ್ನಷ್ಟಕ್ಕೆ ತೀರಾ ನಿಧಾನವಾಗಿ ತೆರೆದುಕೊಂಡರೆ ಸರಿ. ಸರ್ರನೆ ಬಿಚ್ಚಿಕೊಂಡರೆ ಎಲ್ಲೋ ಸೋರುತ್ತಿದೆ: ತಿದಿಯ ಮೂಲೆಯಲ್ಲಿ, ಪೆಟ್ಟಿಗೆ ಮತ್ತು ತಿದಿ ಸೇರುವ ಅಂಚಿನಲ್ಲಿ, ಅಥವಾ ಸರಿಯಾಗಿ ಮುಚ್ಚದ ಯಾವುದೋ ಕೀಲಿಯ ಕೆಳಗೆ.

ಇನ್ನೊಂದು ವಿಷಯ ರೀಡಿನದು. ಪಿಯಾನೋ ಅಕಾರ್ಡಿಯನ್‌ನಲ್ಲಿ ಒಂದೊಂದು ಸ್ವರಕ್ಕೂ ರೀಡುಗಳು ಜೋಡಿಯಾಗಿರುತ್ತವೆ. ಎಳೆದಾಗ ಒಂದು ನುಡಿಯುತ್ತದೆ, ತಳ್ಳಿದಾಗ ಇನ್ನೊಂದು. ನುಡಿಯದ ರೀಡನ್ನು ಚರ್ಮದ ಅಥವಾ ಪ್ಲಾಸ್ಟಿಕ್ಕಿನ ಚಿಕ್ಕ ಪಟ್ಟಿಯೊಂದು ಮುಚ್ಚಿಟ್ಟಿರುತ್ತದೆ. ಶೇಕ್ ಮಾಡುವಾಗ ಈ ಪಟ್ಟಿಗಳು ಸೆಕೆಂಡಿಗೆ ಹಲವು ಸಲ ಮುಚ್ಚಿ ತೆರೆಯಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪಟ್ಟಿ ಸುರುಳಿಯಾದರೆ ಸ್ವರ ತಡವಾಗಿ ಹುಟ್ಟುತ್ತದೆ, ಇಲ್ಲವೇ ಚಟ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಸಾದಾ ನುಡಿಸುವಾಗ ಗೊತ್ತಾಗದ ಈ ದೋಷ ಶೇಕ್‌ನಲ್ಲಿ ಮೊದಲ ದಿನವೇ ಬಯಲಾಗುತ್ತದೆ. ಹಾಗೇ, ಹಲವು ವಾದ್ಯಗಳಲ್ಲಿ ರೀಡುಗಳನ್ನು ಜೇನುಮೇಣದಲ್ಲಿ ಕೂರಿಸಿರುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟು ಮೇಣ ಮೆತ್ತಗಾದರೆ ಆಮೇಲೆ ಶೇಕ್ ಬಿಡಿ, ಸರಿಗಮವೂ ಬರುವುದಿಲ್ಲ.

ವಾದ್ಯದ ಗಾತ್ರದ ಬಗ್ಗೆ: 120 ಬೇಸ್‌ನ (ಎಡಗೈಗೆ 120 ಗುಂಡಿಗಳಿರುವ) ಅಕಾರ್ಡಿಯನ್ ಸುಮಾರು 10 ಕೆಜಿ ತೂಗುತ್ತದೆ. 48 ಬೇಸ್‌ನದು ಅದರ ಅರ್ಧದಷ್ಟು. ಎರಡೂ ಸಿಗುವುದಾದರೆ ಚಿಕ್ಕದರಲ್ಲಿ ಶುರು ಮಾಡಿ. ಇರುವುದೊಂದೇ ಆದರೆ ಅದರಲ್ಲೇ ಮಾಡಿ. ಶೇಕ್ ಕಲಿಯಲಿಕ್ಕೆಂದೇ ಇನ್ನೊಂದು ಕೊಳ್ಳುವ ಅಗತ್ಯ ಇಲ್ಲ.

ಕೂರುವ ರೀತಿ ಮತ್ತು ಎಡಗೈ ಪಟ್ಟಿ

ಮೊದಲಿಗೆ ಕೂತೇ ಕಲಿಯಿರಿ. ಕೈ ಇಲ್ಲದ ಗಟ್ಟಿ ಕುರ್ಚಿ, ಅದರ ಮುಂದಿನ ಅರ್ಧದಲ್ಲಿ ಕೂರಬೇಕು. ಪಾದ ಎರಡೂ ನೆಲಕ್ಕೆ. ತಿದಿ ಎಡತೊಡೆಯ ಮೇಲೆ ಬರಲಿ. ಕೀಲಿಮಣೆಯ ಕೆಳತುದಿ ಬಲತೊಡೆಯ ಒಳಬದಿಗೆ ಆತುಕೊಳ್ಳಲಿ. ಬೇಸ್ ಪೆಟ್ಟಿಗೆ ತೊಡೆಗೆ ತಾಗದೆ ಎಡಕ್ಕೆ ತೂಗುವಂತಿರಬೇಕು. ಅದು ತೊಡೆಯ ಮೇಲೆ ಉಜ್ಜಿದರೆ ಪ್ರತಿ ಎಳೆತಕ್ಕೂ ಬ್ರೇಕ್ ಹಾಕಿದ ಹಾಗೆ.

ಹೆಗಲ ಪಟ್ಟಿಗಳನ್ನು ಮಾಮೂಲಿಗಿಂತ ಒಂದು ತೂತು ಬಿಗಿ ಮಾಡಿ. ಬೆನ್ನಿನ ಅಡ್ಡಪಟ್ಟಿ ಇದ್ದರೆ ಹಾಕಿಕೊಳ್ಳಿ. ಅಲುಗಾಡಬೇಕಾದದ್ದು ಬೇಸ್ ಕಡೆ ಮಾತ್ರ. ಕೀಲಿಮಣೆಯೂ ಜೊತೆಗೆ ತೂಗಾಡಿದರೆ ನಿಮ್ಮ ಅರ್ಧ ಶ್ರಮ ಅದನ್ನು ಅಲ್ಲಾಡಿಸುವುದಕ್ಕೇ ಹೋಗುತ್ತದೆ.

ಎಡಗೈ ಹೋಗುವ ಪಟ್ಟಿಯ ವಿಷಯಕ್ಕೆ ತುಂಬಾ ಜನ ಗಮನ ಕೊಡುವುದಿಲ್ಲ. ನನ್ನ ಪ್ರಕಾರ ಅರ್ಧ ಸಮಸ್ಯೆ ಅಲ್ಲೇ ಇದೆ. ಎಳೆಯುವಾಗ ಮುಂಗೈಯ ಹಿಂಬದಿ ಪಟ್ಟಿಯನ್ನು ದೂಡುತ್ತದೆ. ತಳ್ಳುವಾಗ ಅಂಗೈಯ ಬುಡ ಪೆಟ್ಟಿಗೆಯನ್ನು ಒತ್ತುತ್ತದೆ. ಪಟ್ಟಿ ಸಡಿಲವಿದ್ದರೆ ದಿಕ್ಕು ಬದಲಿಸಿದಾಗಲೆಲ್ಲ ಕೈ ಮೊದಲು ಖಾಲಿ ಜಾಗದಲ್ಲಿ ಓಡಾಡಿ, ಆಮೇಲೆ ಪೆಟ್ಟಿಗೆಯನ್ನು ಮುಟ್ಟುತ್ತದೆ. ನಿಧಾನಗತಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ವೇಗ ಹೆಚ್ಚಿದಂತೆ ಆ ಖಾಲಿ ಓಡಾಟವೇ ತಾಳವನ್ನು ನುಂಗುತ್ತದೆ. ಬೇಸ್ ಪೆಟ್ಟಿಗೆಯ ಮೇಲ್ತುದಿಯಲ್ಲಿರುವ ಚಕ್ರ ತಿರುಗಿಸಿ ಪಟ್ಟಿ ಬಿಗಿ ಮಾಡಿ. ಅಂಗೈಯ ಬುಡ ಪೆಟ್ಟಿಗೆಗೆ ತಾಗಿಯೇ ಇರಬೇಕು. ಆದರೆ ಬೆರಳು ಬೇಸ್ ಗುಂಡಿಗಳ ಮೇಲೆ ಮೇಲೆ-ಕೆಳಗೆ ಜಾರುವಷ್ಟು ಜಾಗ ಉಳಿದಿರಲಿ.

ಮೊದಲ ಎಳೆತ, ಮೊದಲ ತಳ್ಳು

ಬಲಗೈಯಲ್ಲಿ ನಡು ಸ್ಥಾಯಿಯ ಸಿ ಮೇಜರ್ ಕಾರ್ಡ್ ಹಿಡಿಯಿರಿ: ಸಿ, ಇ, ಜಿ. ಯಾವ ಸಾಲಿನ ರೀಡು ನುಡಿಯಬೇಕೆಂದು ಆರಿಸುವ ರಿಜಿಸ್ಟರ್ ಸ್ವಿಚ್ಚುಗಳಲ್ಲಿ ಕ್ಲಾರಿನೆಟ್ ಎಂಬುದನ್ನು ಒತ್ತಿ. ಒಂದೊಂದು ಸ್ವರಕ್ಕೆ ಒಂದೇ ಸಾಲಿನ ರೀಡು ನುಡಿಯುವುದರಿಂದ ಗಾಳಿ ಕಮ್ಮಿ ಸಾಕು. ಮಾಸ್ಟರ್ ಸ್ವಿಚ್ಚಿನ ಭರ್ಜರಿ ಸದ್ದಿಗೆ ಆಸೆಪಟ್ಟು ಶುರು ಮಾಡಿದರೆ ಎಲ್ಲ ಸಾಲುಗಳೂ ಗಾಳಿ ಕೇಳುತ್ತವೆ, ಚಲನೆ ದೊಡ್ಡದಾಗುತ್ತದೆ, ಕೈ ಸೋಲುತ್ತದೆ. ಬಸೂನ್ ಅಂತೂ ಬೇಡವೇ ಬೇಡ. ಮಂದ್ರದ ದೊಡ್ಡ ರೀಡುಗಳು ಕಂಪಿಸಲು ಶುರುವಾಗುವುದೇ ತಡವಾಗಿ. ಅವು ಬಾಯಿ ಬಿಡುವ ಹೊತ್ತಿಗೆ ನೀವು ದಿಕ್ಕು ಬದಲಿಸಿರುತ್ತೀರಿ.

ಕೀಲಿಗಳನ್ನು ಪೂರ್ತಿ ತಳ ಮುಟ್ಟುವ ಹಾಗೆ ಒತ್ತಿರಿ, ಆದರೆ ಹಿಂಡಬೇಡಿ. ಎಡಗೈ ಕುಣಿಯಲು ತೊಡಗಿದ ಕೂಡಲೇ ಬಲಗೈ ತಾನಾಗಿ ಬಿಗಿಯಾಗುತ್ತದೆ. ಹೆಬ್ಬೆರಳಿನ ಉಗುರು ಬೆಳ್ಳಗಾಗಿದೆಯಾ ನೋಡಿಕೊಳ್ಳಿ. ಬೆಳ್ಳಗಾಗಿದ್ದರೆ ಒತ್ತಡ ಜಾಸ್ತಿಯಾಯಿತು.

ಈಗ ತಿದಿ. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಸ್ವಲ್ಪವೇ ತೆರೆಯಿರಿ. ಮೇಲಿನ ಅಂಚಿನಲ್ಲಿ ಎರಡು ಬೆರಳಿನಷ್ಟು ಜಾಗ ಸಾಕು. ಕೆಳಗಿನ ಅಂಚು ಹೆಚ್ಚುಕಮ್ಮಿ ಮುಚ್ಚಿಯೇ ಇರಲಿ. ಅಂದರೆ ತಿದಿ ಬೀಸಣಿಗೆಯ ಆಕಾರದಲ್ಲಿ ತೆರೆಯುತ್ತದೆ, ಕೆಳ ಅಂಚು ಕೀಲಿನ ಹಾಗೆ ಕೆಲಸ ಮಾಡುತ್ತದೆ. ಹಾಗಾಗಿ ಕೈ ನೇರ ಅಡ್ಡಕ್ಕೆ ಹೋಗುವುದಿಲ್ಲ. ಎಳೆಯುವಾಗ ಎಡಕ್ಕೆ ಮತ್ತು ಕೊಂಚ ಕೆಳಕ್ಕೆ, ತಳ್ಳುವಾಗ ಬಲಕ್ಕೆ ಮತ್ತು ಕೊಂಚ ಮೇಲಕ್ಕೆ. ಎಳೆಯುವ ಕೆಲಸದಲ್ಲಿ ಬೇಸ್ ಪೆಟ್ಟಿಗೆಯ ತೂಕವೇ ಸಹಾಯ ಮಾಡುತ್ತದೆ. ನೀವು ಅದನ್ನು ಬೀಳಲು ಬಿಟ್ಟರೆ ಸಾಕು. ನಿಜವಾದ ಕೆಲಸ ಇರುವುದು ತಳ್ಳುವಲ್ಲಿ.

ಚಲನೆ ಎಲ್ಲಿಂದ ಬರಬೇಕು? ಮಣಿಕಟ್ಟಿನಿಂದ ಎಂದು ಕೆಲವರು, ಇಡೀ ತೋಳಿನಿಂದ ಎಂದು ಕೆಲವರು ಹೇಳಿಕೊಡುತ್ತಾರೆ. ನಾನು ಮುಂದೋಳಿನ ಪಕ್ಷ. ಮೊಣಕೈ ಪಕ್ಕೆಯ ಹತ್ತಿರ ಇರಲಿ, ರೆಕ್ಕೆಯ ಹಾಗೆ ಮೇಲೇಳಬಾರದು. ಮಣಿಕಟ್ಟು ನೇರವಾಗಿರಲಿ, ಮರಗಟ್ಟಬಾರದು. ಮೊರದಲ್ಲಿ ಅಕ್ಕಿ ಕೇರುವವರ ಕೈ ನೋಡಿದ್ದೀರಲ್ಲ, ತೋಳು ಸುಮ್ಮನಿದ್ದಂತೆ ಕಂಡರೂ ಚಿಕ್ಕ ಜರ್ಕ್ ಒಂದು ತುದಿಗೆ ಮುಟ್ಟುತ್ತದೆ. ಅಷ್ಟೇ ಚಿಕ್ಕದು ಇದು.

ತಾಳದ ಬಡಿತ ಕೊಡುವ ಮೆಟ್ರೊನೋಮ್ ಅನ್ನು 60ಕ್ಕೆ, ಅಂದರೆ ನಿಮಿಷಕ್ಕೆ 60 ಬಡಿತಕ್ಕೆ, ಇಡಿ. ಒಂದು ಬಡಿತಕ್ಕೆ ಒಂದು ಎಳೆತ, ಮುಂದಿನದಕ್ಕೆ ಒಂದು ತಳ್ಳು. ಸೆಕೆಂಡಿಗೆ ಒಂದೇ ಪೆಟ್ಟು, ಬೇಸರ ಬರುವಷ್ಟು ನಿಧಾನ. ಆ ಬೇಸರದಲ್ಲೇ ಕೇಳಬೇಕಾದ್ದು ಕೇಳಿಸುತ್ತದೆ. ದಿಕ್ಕು ತಿರುಗುವ ಜಾಗದಲ್ಲಿ ಸ್ವರ ಚೂಪಾಗಿ ಕತ್ತರಿಸಿ ಶುರುವಾಗುತ್ತಿದೆಯಾ, ಅಥವಾ ಬಾಡಿ ಮತ್ತೆ ಏಳುತ್ತಿದೆಯಾ? ಎಳೆತ ಮೆತ್ತಗೆ, ತಳ್ಳು ಜೋರಾಗಿ ಬರುತ್ತಿದೆಯಾ? ನಿಮ್ಮ ಕಿವಿ ಒಪ್ಪಿದ ಮೇಲೆ ಫೋನಿನ ರೆಕಾರ್ಡರ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಪರದೆಯ ಮೇಲೆ ಮೂಡುವ ಅಲೆಗಳನ್ನು ನೋಡಿ. ದಿಬ್ಬಗಳು ಒಂದು ಎತ್ತರ, ಒಂದು ಗಿಡ್ಡ, ಒಂದು ಎತ್ತರ, ಒಂದು ಗಿಡ್ಡ ಎಂದು ಬಂದಿದ್ದರೆ ಕೆಲಸ ಬಾಕಿ ಇದೆ. ಹೆಚ್ಚಿನವರದು ಹಾಗೇ ಬರುತ್ತದೆ.

ಸಮ ಮಾಡುವ ಉಪಾಯ: ಗಿಡ್ಡವಾಗಿ ಬರುವ ದಿಕ್ಕನ್ನೇ ಸ್ವಲ್ಪ ಕಾಲ ಬೇಕೆಂದು ಒತ್ತಿ ನುಡಿಸಿ. ಎಳೆತ ಸೋತಿದ್ದರೆ ಪ್ರತಿ ಎಳೆತಕ್ಕೆ ಒತ್ತು ಕೊಡಿ. ಆಮೇಲೆ ಉಲ್ಟಾ. ಕೊನೆಗೆ ಎರಡೂ ಸಮ. ಈ ಮೂರೂ ಕ್ರಮ ನಿಮ್ಮ ಹಿಡಿತಕ್ಕೆ ಬಂದ ಮೇಲೆ ಮುಂದಿನ ಹಂತಕ್ಕೆ ಹೋಗಿ.

ತಕಧಿಮಿ, ಆಮೇಲೆ ತಕಿಟ

ಇಲ್ಲಿ ನಮಗೊಂದು ಅನುಕೂಲ ಇದೆ. ಬಾಯಲ್ಲಿ ತಾಳ ಹೇಳುವ ಅಭ್ಯಾಸ. ಅದೇ 60ರಲ್ಲಿ ಒಂದು ಬಡಿತಕ್ಕೆ ನಾಲ್ಕು ಪೆಟ್ಟು: ತ ಎಳೆತ, ಕ ತಳ್ಳು, ಧಿ ಎಳೆತ, ಮಿ ತಳ್ಳು. ಜೋರಾಗಿ ಬಾಯಲ್ಲಿ ಹೇಳುತ್ತಲೇ ಮಾಡಿ. ಸೆಕೆಂಡಿಗೆ ನಾಲ್ಕು ಪೆಟ್ಟಾಯಿತು. ಮೊದಲ ‘ತ’ಕ್ಕೆ ಮಾತ್ರ ಒತ್ತು. ಒತ್ತು ಯಾವಾಗಲೂ ಎಳೆತದ ಮೇಲೇ ಬೀಳುವುದರಿಂದ ಇದು ಸುಲಭ. ಸುಮಾರು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅದು ತಪ್ಪು.

ಯಾಕೆಂದರೆ ತಕಿಟ ಶುರು ಮಾಡಿದ ಕೂಡಲೇ ಲೆಕ್ಕ ತಿರುಗುತ್ತದೆ. ಮೂರು ಬೆಸ ಸಂಖ್ಯೆ. ಮೊದಲ ತಕಿಟದಲ್ಲಿ ತ ಎಳೆತ, ಕಿ ತಳ್ಳು, ಟ ಎಳೆತ. ಎರಡನೆಯ ತಕಿಟ ತಳ್ಳಿನಿಂದ ಶುರುವಾಗುತ್ತದೆ. ಮೂರನೆಯದು ಮತ್ತೆ ಎಳೆತದಿಂದ. ಅಂದರೆ ಒತ್ತು ಒಮ್ಮೆ ಎಳೆತಕ್ಕೆ, ಒಮ್ಮೆ ತಳ್ಳಿಗೆ ಬೀಳುತ್ತದೆ. ಕೈಗೆ ಯಾವುದೋ ಒಂದು ದಿಕ್ಕು ಮಾತ್ರ ಪ್ರೀತಿಯಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ನಿಜವಾದ ಶೇಕ್ ಕಲಿಸುವುದು ತಕಧಿಮಿ ಅಲ್ಲ, ತಕಿಟ. ದಿನದ ಅಭ್ಯಾಸದಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಖಂಡ ನಡೆ ಇಷ್ಟಪಡುವವರು ತಕತಕಿಟವನ್ನೂ ಮಾಡಬಹುದು. ಐದೂ ಬೆಸವೇ, ಅಲ್ಲೂ ಒತ್ತು ಹೀಗೇ ಅದಲುಬದಲಾಗುತ್ತದೆ.

ಮಾಡುತ್ತಾ ಮಾಡುತ್ತಾ ತಿದಿ ತನ್ನಷ್ಟಕ್ಕೆ ಅಗಲವಾಗುತ್ತಾ ಹೋದರೆ ಎಳೆತ ಹೆಚ್ಚು, ತಳ್ಳು ಕಮ್ಮಿ ಎಂದರ್ಥ. ಮುಚ್ಚಿಕೊಂಡು ಉಸಿರು ಕಟ್ಟಿದರೆ ಅದರ ಉಲ್ಟಾ. ಒಂದು ನಿಮಿಷ ಶೇಕ್ ಮಾಡಿದ ಮೇಲೂ ಮೇಲಿನ ಅಂಚು ಅದೇ ಎರಡು ಬೆರಳಿನಷ್ಟೇ ತೆರೆದಿದ್ದರೆ ನೀವು ದಾರಿಯಲ್ಲಿದ್ದೀರಿ.

ವೇಗ

ಮೆಟ್ರೊನೋಮ್‌ನಲ್ಲಿ ನಾಲ್ಕು ನಾಲ್ಕಾಗಿ ಏರಿಸಿ: 60, 64, 68. ನಾಲ್ಕು ಪೆಟ್ಟಿನ ಲೆಕ್ಕದಲ್ಲಿ 120 ಮುಟ್ಟಿದರೆ ಸೆಕೆಂಡಿಗೆ ಎಂಟು ಪೆಟ್ಟು. ಅಲ್ಲಿಗೆ ಹೋಗಲು ತಿಂಗಳುಗಳೇ ಬೇಕಾಗಬಹುದು, ಅವಸರ ಬೇಡ. ಪ್ರತಿ ಮೆಟ್ಟಿಲಲ್ಲೂ ಒಂದು ನಿಯಮ: ವೇಗ ಹೆಚ್ಚಿದಷ್ಟೂ ಚಲನೆ ಚಿಕ್ಕದಾಗಬೇಕು. ದೊಡ್ಡ ಚಲನೆಯನ್ನೇ ಇಟ್ಟುಕೊಂಡು ಬೇಗ ಬೇಗ ಮಾಡಲು ಹೋದರೆ ಹೆಗಲು ಏರುತ್ತದೆ, ಉಸಿರು ಬಿಗಿಹಿಡಿಯುತ್ತೀರಿ, ಅಲ್ಲಿಗೆ ಮುಗಿಯಿತು.

ಅರ್ಧ ನಿಮಿಷ ಶೇಕ್, ಅರ್ಧ ನಿಮಿಷ ವಿಶ್ರಾಂತಿ. ಒಟ್ಟು ಹತ್ತು ನಿಮಿಷ ಸಾಕು, ಆದರೆ ದಿನಾ ಮಾಡಿ. ಭಾನುವಾರ ಒಂದೇ ಸಲ ಒಂದು ಗಂಟೆ ಕೂತರೆ ಪ್ರಯೋಜನ ಇಲ್ಲ. ಮುಂದೋಳು ದಣಿದು ಭಾರವಾಗುವುದು ಸಹಜ. ಮೊಣಕೈ, ಮಣಿಕಟ್ಟು ಅಥವಾ ಹೆಗಲಲ್ಲಿ ಚುಚ್ಚಿದಂತೆ ನೋವು ಬಂದರೆ ಅಲ್ಲೇ ನಿಲ್ಲಿಸಿ. ಮರುದಿನವೂ ಇದ್ದರೆ ಮಾಡಬೇಡಿ, ಡಾಕ್ಟರಿಗೆ ತೋರಿಸಿ.

ಬ್ರೆಜಿಲ್‌ನ ಬಯಾಂವ್

ಅಭ್ಯಾಸದ ಕಾರ್ಡ್‌ನಿಂದ ಸಂಗೀತಕ್ಕೆ ಹೋಗಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಬಯಾಂವ್. ಈ ಲಯವನ್ನು ಬ್ರೆಜಿಲ್ ತುಂಬ ಹಬ್ಬಿಸಿದವರು ಲುಯಿಸ್ ಗೊಂಜಾಗ. 1912ರಲ್ಲಿ ಪೆರ್ನಾಂಬುಕೊ ರಾಜ್ಯದ ಎಶು ಊರಿನಲ್ಲಿ ಹುಟ್ಟಿದರು, 1989ರಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಡಿಸೆಂಬರ್ 13 ಅನ್ನು ಅಲ್ಲಿ ಫೋಹೋ ಎಂಬ ಈಶಾನ್ಯ ಭಾಗದ ಕುಣಿತದ ಸಂಗೀತದ ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಮೇಳ ತೀರಾ ಚಿಕ್ಕದು: ಅಕಾರ್ಡಿಯನ್, ಜಬುಂಬಾ ಎಂಬ ಡೋಲು, ಮತ್ತೆ ಒಂದು ಟ್ರಯಾಂಗಲ್. ಗೊಂಜಾಗ ಅವರ ತಂದೆ ಜನುವಾರಿಯೊ ನುಡಿಸುತ್ತಿದ್ದುದು ಎಂಟು ಬೇಸ್‌ನ ಗುಂಡಿ ಅಕಾರ್ಡಿಯನ್. ಅದರಲ್ಲಿ ಒಂದೇ ಗುಂಡಿ ಎಳೆದರೆ ಒಂದು ಸ್ವರ, ತಳ್ಳಿದರೆ ಇನ್ನೊಂದು. ಅಂಥ ವಾದ್ಯದಲ್ಲಿ ತಿದಿಯ ದಿಕ್ಕು ಮತ್ತೆ ಮತ್ತೆ ಬದಲಿಸದೆ ಹಾಡೇ ಹುಟ್ಟುವುದಿಲ್ಲ. ತಿದಿಯ ಆಟಕ್ಕೆ ಅವರಲ್ಲಿ ‘ಜೋಗು ಜಿ ಫೋಲಿ’ ಎಂದೇ ಹೆಸರಿದೆ. ಅಲ್ಲಿನ ಅಕಾರ್ಡಿಯನ್ ವಾದಕರಾದ ಸಿವೂಕಾ, ದೊಮಿಂಗಿನ್ಯೂಸ್ ನುಡಿಸಿದ್ದನ್ನೂ ಹುಡುಕಿ ಕೇಳಿ.

ಈಗ ಲೆಕ್ಕ. ಒಂದು ಆವರ್ತಕ್ಕೆ ಎಂಟು ಚಿಕ್ಕ ಪೆಟ್ಟುಗಳು. ಒತ್ತುಗಳು 3, 3, 2 ಎಂದು ಬೀಳುತ್ತವೆ. ನಮ್ಮ ಬಾಯಲ್ಲಿ ಹೇಳಿದರೆ: ತಕಿಟ ತಕಿಟ ತಕ. ಒಂದನೆಯ, ನಾಲ್ಕನೆಯ, ಏಳನೆಯ ಪೆಟ್ಟಿಗೆ ಒತ್ತು. ಎಳೆತದಿಂದ ಶುರು ಮಾಡಿದರೆ ಒಂದನೆಯದು ಎಳೆತ, ನಾಲ್ಕನೆಯದು ತಳ್ಳು, ಏಳನೆಯದು ಎಳೆತ. ಎಂಟು ಸಮ ಸಂಖ್ಯೆಯಾದ್ದರಿಂದ ಮುಂದಿನ ಆವರ್ತ ಮತ್ತೆ ಎಳೆತದಿಂದಲೇ ಶುರು. ನಡುವಿನ ಆ ತಳ್ಳಿನ ಒತ್ತು ಇದೆಯಲ್ಲ, ಕುಣಿತ ಇರುವುದು ಅಲ್ಲಿ. ತಕಿಟ ಸರಿಯಾಗಿ ಕಲಿತವರಿಗೆ ಅದು ತಾನಾಗಿ ಬರುತ್ತದೆ. ಒತ್ತಿಲ್ಲದ ಪೆಟ್ಟುಗಳು ಬಹಳ ಮೆತ್ತಗಿರಲಿ, ಟ್ರಯಾಂಗಲ್‌ನ ಹಿಂದೆ ಅಡಗುವಷ್ಟು.

ಮೊದಲು ಒಂದೇ ಕಾರ್ಡ್‌ನಲ್ಲಿ ಮಾಡಿ. ಆಮೇಲೆ ಆವರ್ತಕ್ಕೊಂದರಂತೆ ಸಿ ಮೇಜರ್, ಎಫ್ ಮೇಜರ್, ಜಿ ಸೆವೆಂತ್. ಕಾರ್ಡ್ ಬದಲಿಸುವ ಕ್ಷಣದಲ್ಲಿ ಎಡಗೈ ತೊದಲುವುದು ಖಂಡಿತ. ಬೆರಳು ಎತ್ತುವ ಕೆಲಸವನ್ನು ಎಂಟನೆಯ ಪೆಟ್ಟಿನಲ್ಲಿ ಮುಗಿಸಿ, ಮುಂದಿನ ಒಂದಕ್ಕೆ ಹೊಸ ಕಾರ್ಡ್ ಪೂರ್ತಿ ಒತ್ತಿರುವ ಹಾಗೆ ನೋಡಿಕೊಳ್ಳಿ. ಎಡಗೈ ಏನೇ ಆದರೂ ನಿಲ್ಲಬಾರದು, ಬಲಗೈ ಒಂದು ಸ್ವರ ತಪ್ಪಿಸಿದರೂ ಸರಿ.

ಹಾಡಿನೊಳಗೆ ತರುವುದು

ಶೇಕ್ ಬರುವ ಜಾಗಕ್ಕೆ ಬರುವಾಗ ತಿದಿ ಹೆಚ್ಚುಕಮ್ಮಿ ಮುಚ್ಚಿರಬೇಕು. ಅಗಲವಾಗಿ ತೆರೆದ ತಿದಿಯಲ್ಲಿ ಬೇಸ್ ಪೆಟ್ಟಿಗೆ ದೂರಕ್ಕೆ ಜೋತುಬಿದ್ದಿರುತ್ತದೆ, ಒಳಗಿನ ಗಾಳಿಯೂ ಜಾಸ್ತಿ. ಎಷ್ಟು ಅಲ್ಲಾಡಿಸಿದರೂ ಸ್ವರ ಮಂಕು. ಹಾಗಾಗಿ ಹಿಂದಿನ ಸಾಲಿನಿಂದಲೇ ಯೋಜನೆ ಹಾಕಿ: ಆ ಸಾಲು ತಳ್ಳಿನಲ್ಲಿ ಮುಗಿಯಲಿ. ಆಗದಿದ್ದರೆ ನಡುವೆ ಸಿಗುವ ವಿರಾಮದಲ್ಲಿ ಎಡಗೈ ಹೆಬ್ಬೆರಳಿನ ಹತ್ತಿರದ ಗಾಳಿ ಗುಂಡಿ ಒತ್ತಿ ಸದ್ದಿಲ್ಲದೆ ಮುಚ್ಚಿ. ಹೊರಗೆ ಬರುವಾಗಲೂ ಲೆಕ್ಕ ಇದೆ. ಎಳೆತದಿಂದ ಶುರುವಾದ 16 ಪೆಟ್ಟು ತಳ್ಳಿನಲ್ಲಿ ಮುಗಿಯುತ್ತದೆ, ಮುಂದಿನ ಸಾಲನ್ನು ಉದ್ದನೆಯ ಎಳೆತದಲ್ಲಿ ಆರಾಮಾಗಿ ಶುರು ಮಾಡಬಹುದು.

ನೋಟೇಶನ್‌ನಲ್ಲಿ ಬಿ.ಎಸ್. (ಬೆಲ್ಲೋಸ್ ಶೇಕ್) ಎಂದೋ, ವಯಲಿನ್ ಕಮಾನಿನ ಗುರುತುಗಳಂಥ ಚಿಹ್ನೆಗಳೋ ಇರುತ್ತವೆ. ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದರಿಂದ ಮೊದಲ ಪುಟಗಳಲ್ಲಿ ಕೊಟ್ಟ ವಿವರಣೆ ನೋಡಿಕೊಳ್ಳಿ.

ಎಡಗೈ ಬೇಸ್ ಗುಂಡಿಗಳನ್ನು ಇಷ್ಟು ಹೊತ್ತು ಮರೆತಿದ್ದೆವು, ಬೇಕೆಂದೇ. ಶೇಕ್ ಗಟ್ಟಿಯಾದ ಮೇಲೆ ಸಿ ಮೇಜರ್ ಕಾರ್ಡ್ ಗುಂಡಿ ಒಂದನ್ನು ಒತ್ತಿ ಹಿಡಿದು ಶೇಕ್ ಮಾಡಿ. ಗಾಳಿ ಹೆಚ್ಚು ಬೇಕಾಗುವುದರಿಂದ ವೇಗ ತಾನಾಗಿ ಇಳಿಯುತ್ತದೆ, ಇಳಿಯಲಿ. ಕಾರ್ಡ್ ಅಲ್ಲದೆ ಒಂದೇ ಸ್ವರ ನುಡಿಸುವ ಮೂಲ ಬೇಸ್ ಗುಂಡಿಗಳನ್ನು ಕೊನೆಗೆ ಸೇರಿಸಿ. ಅವುಗಳ ರೀಡು ದಪ್ಪ, ಹಾಗಾಗಿ ಒತ್ತು ಇರುವ ಪೆಟ್ಟುಗಳಲ್ಲಿ ಮಾತ್ರ ತಟ್ಟಿ ಬಿಟ್ಟರೆ ಚೆನ್ನ. ಬಯಾಂವ್‌ನಲ್ಲಿ ಒಂದು ಮತ್ತು ನಾಲ್ಕನೆಯ ಪೆಟ್ಟಿಗೆ ಬೇಸ್ ಬಿದ್ದರೆ ಜಬುಂಬಾ ಇಲ್ಲದ ಕೊರತೆ ಅರ್ಧ ತುಂಬುತ್ತದೆ.

ಇದಾದ ಮೇಲೆ ರಿಕೋಶೆ ಎಂಬುದೊಂದಿದೆ. ತಳ್ಳುವಾಗ ತಿದಿಯ ಮೇಲಿನ ಅಂಚು ಮೊದಲು ತಾಗಿ, ಅದರ ಬೆನ್ನಿಗೇ ಕೆಳಗಿನ ಅಂಚು ತಾಗುವಂತೆ ಮಾಡುತ್ತಾರೆ. ಎಳೆತ ಒಂದು, ತಳ್ಳಿನಲ್ಲಿ ಎರಡು, ಒಟ್ಟು ಮೂರು ಪೆಟ್ಟು. ಬಯಾನ್ ವಾದಕರು ಇದರಲ್ಲಿ ಪಳಗಿದವರು. ಕೈ ಮೂರರ ಗುಂಪನ್ನು ಎರಡೇ ಚಲನೆಯಲ್ಲಿ ಮುಗಿಸುವುದರಿಂದ ವೇಗದ ತಕಿಟಗಳು ಸಾದಾ ಶೇಕ್‌ಗಿಂತ ಸಲೀಸಾಗುತ್ತವೆ. ಆದರೆ ತಿದಿಯ ಅಂಚುಗಳು ಒಂದಕ್ಕೊಂದು ಬಡಿಯುವ ಕೆಲಸ ಇದು. ಹಳೆಯ ವಾದ್ಯವಾದರೆ ಅಂಚಿನ ಪಟ್ಟಿ, ಪಿನ್ನುಗಳು ಗಟ್ಟಿಯಾಗಿವೆಯಾ ಎಂದು ರಿಪೇರಿಯವರಿಗೆ ಒಮ್ಮೆ ತೋರಿಸಿಕೊಂಡೇ ಕೈ ಹಾಕಿ.